‘ಹ್ಞೂಂ’ ಅಂದವನ ಮೊದಲ ರಾತ್ರಿ

ನಸುಕಿನ ನಾಲ್ಕು ಗಂಟೆ. ತುಮಕೂರಿನ ಬಟವಾಡಿಯಲ್ಲಿ ಹೆದ್ದಾರಿಯ ಸದ್ದು ಆ ಹೊತ್ತಿಗೂ ನಿಂತಿರುವುದಿಲ್ಲ. ಎಪಿಎಂಸಿ ಯಾರ್ಡಿಗೆ ಹುಣಸೆಹಣ್ಣಿನ ಚೀಲ ಹೇರಿದ ಟೆಂಪೊಗಳು ತಿರುಗುತ್ತಿರುತ್ತವೆ. ಹಮಾಲರು ತಲೆಗೆ ಟವೆಲು ಸುತ್ತಿಕೊಂಡು ಮೊದಲ ಟೀಗೆ ಕಾಯುತ್ತಿರುತ್ತಾರೆ. ಸರ್ವಿಸ್ ರಸ್ತೆ ಪಕ್ಕದಲ್ಲಿ ಶಟರ್ ಎಳೆದ ಅಂಗಡಿಯ ಜಗಲಿ ಮೇಲೆ ಯಾರೋ ಒಬ್ಬ ಮುದುರಿಕೊಂಡು ಮಲಗಿದ್ದಾನೆ. ಮೈಮೇಲೆ ಎರಡು ಅಂಗಿ, ಒಂದರ ಮೇಲೊಂದು. ತಲೆದೆಸೆಯಲ್ಲಿ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಬ್ರೆಡ್ಡಿನ ತುಂಡು, ಹಳೆ ಕ್ಯಾಲೆಂಡರು, ಪುಟ್ಟ ಮಗುವಿನದೊಂದು ಚಪ್ಪಲಿ.

ಆ ಚಪ್ಪಲಿಯೊಂದು ಸಾಕು. ನಾಲ್ಕು ಜನ ಸುತ್ತುವರಿಯುತ್ತಾರೆ. “ಯಾವೂರೋ ನಿಂದು?” ಉತ್ತರವಿಲ್ಲ. “ಮಕ್ಕಳನ್ನ ಹಿಡ್ಕೊಂಡೋಗಕ್ಕೆ ಬಂದಿದ್ದೀಯೇನೋ?” “ಹ್ಞೂಂ.” “ಎಷ್ಟು ಜನ ಇದ್ದೀರ?” “ಹ್ಞೂಂ.” “ನಿಮ್ಮಪ್ಪ ಸತ್ತೋದ್ನ?” ಅಂತ ಕೇಳಿದ್ದರೆ ಅದಕ್ಕೂ “ಹ್ಞೂಂ” ಎನ್ನುತ್ತಿದ್ದನೇನೋ. ಹಾಗೆ ಕೇಳಿ ನೋಡುವ ತಾಳ್ಮೆ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಅಷ್ಟರಲ್ಲಿ ಒಬ್ಬ ಮೊಬೈಲು ತೆಗೆದು ವಿಡಿಯೊ ಮಾಡುತ್ತಿರುತ್ತಾನೆ.

ಇದು ಇಂಥದೇ ದಿನ ನಡೆದದ್ದಲ್ಲ. ಗುಬ್ಬಿಯ ಬಸ್‌ ಸ್ಟ್ಯಾಂಡಿನಲ್ಲೋ ಕುಣಿಗಲ್ ಬೈಪಾಸಿನಲ್ಲೋ, ಹೆದ್ದಾರಿ ಹಾದುಹೋಗುವ ಯಾವ ಊರಿನಲ್ಲಾದರೂ ನಡೆಯಬಹುದಾದದ್ದು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅಷ್ಟು ದೂರ ಹೋಗದೆ, ಯಾರೋ ಪುಣ್ಯಾತ್ಮ ಫೋನು ಮಾಡಿ, ಹೊಯ್ಸಳ ಜೀಪು ಬಂದು ಆ ಮನುಷ್ಯನನ್ನು ಠಾಣೆಗೆ ಕರೆದೊಯ್ದಿತು ಎನ್ನೋಣ. ಜೀವ ಉಳಿಯಿತು. ಈ ಲೇಖನ ಶುರುವಾಗುವುದು ಅಲ್ಲಿಂದ. ಠಾಣೆಯ ಬೆಂಚಿನ ಮೇಲೆ ಕೂತ ಅವನಿಗೆ, ಮುಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ ಕಾನೂನು ಏನು ಕೊಡುತ್ತದೆ?

ಲಾಕಪ್ಪಿಗೆ ಹಾಕುವಂತಿಲ್ಲ

ತನ್ನ ಯೋಗಕ್ಷೇಮ ನೋಡಿಕೊಳ್ಳಲಾರದ, ಮನೋರೋಗ ಇರಬಹುದೆನಿಸುವ ವ್ಯಕ್ತಿ ಬೀದಿಯಲ್ಲಿ ಅಲೆಯುತ್ತಿದ್ದರೆ ಆತನನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಇದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮು ಹೇಳುವ ಮಾತು. ಗಮನಿಸಿ, ‘ವಶಕ್ಕೆ’ ಅಲ್ಲ, ‘ರಕ್ಷಣೆಗೆ’. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಅಥವಾ ಜೈಲಿನಲ್ಲಿ ಇಡುವಂತಿಲ್ಲ. ಮನೆಯಿಲ್ಲದವನಾಗಿದ್ದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕುವುದೂ ಪೊಲೀಸರದೇ ಹೊಣೆ.

ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ನಿಮ್ಹಾನ್ಸ್ ಇರುವ ಬೆಂಗಳೂರು ಎಪ್ಪತ್ತು ಕಿಲೋಮೀಟರು. ಕಾಗದದ ಮೇಲೆ ಎಲ್ಲ ಸಲೀಸು. ತೊಡಕು ಬರುವುದು ಠಾಣೆಯಲ್ಲಿ ಕೂತ ಸಿಬ್ಬಂದಿಯ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆಯಲ್ಲಿ: ಇವನು ರೋಗಿಯೋ, ನಾಟಕ ಆಡುತ್ತಿರುವ ಕಳ್ಳನೋ? ಮೊದಲನೆಯದೆಂದು ಕಂಡರೆ ಆಂಬುಲೆನ್ಸು. ಎರಡನೆಯದೆಂದು ಕಂಡರೆ ವಿಚಾರಣೆ. ಎರಡು ದಾರಿ ಕವಲೊಡೆಯುವ ಆ ಜಾಗದಲ್ಲಿ ಡಾಕ್ಟರೂ ಇಲ್ಲ, ವಕೀಲರೂ ಇಲ್ಲ. ರಾತ್ರಿ ಪಾಳಿಯಲ್ಲಿ ಕಣ್ಣು ಕೆಂಪಗಾದ ಒಬ್ಬ ಹೆಡ್ ಕಾನ್‌ಸ್ಟೆಬಲ್ ಇದ್ದಾರೆ, ಅಷ್ಟೆ.

ಬಂಧಿಸಿಯೇಬಿಟ್ಟರು ಎಂದುಕೊಳ್ಳಿ. ಆಗಲೂ ಕಾನೂನು ಕೈಬಿಡುವುದಿಲ್ಲ. ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಕಟ್ಟಳೆಗಳು ಇವತ್ತು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೇರಿಕೊಂಡಿವೆ. ಬಂಧಿಸುವ ಅಧಿಕಾರಿಯ ಎದೆ ಮೇಲೆ ಹೆಸರಿನ ಪಟ್ಟಿ ಕಾಣಬೇಕು. ಬಂಧನದ ಮೆಮೊ ಬರೆದು ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಹಾಕಬೇಕು. ಮನೆಗೆ ಸುದ್ದಿ ಮುಟ್ಟಿಸಬೇಕು. ವೈದ್ಯರ ತಪಾಸಣೆ ಆಗಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಯಾಕೆ ಹಿಡಿದೆವು ಎಂಬುದನ್ನು ಬರಹದಲ್ಲಿ, ಅದೂ ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ತಡವಾದರೂ ರಿಮ್ಯಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮುಂಚೆಯಾದರೂ ಕೊಡಲೇಬೇಕು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಗಿ ಮಾಡಿತು.

ವಯಸ್ಸಾದವರಿಗೆ, ಹೆಂಗಸರಿಗೆ ಇನ್ನಷ್ಟು ರಿಯಾಯಿತಿಗಳಿವೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು, ಆರೋಪಿ ಅರವತ್ತು ದಾಟಿದವರೋ ಅಶಕ್ತರೋ ಆಗಿದ್ದರೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸುವುದಕ್ಕೆ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು, ಮಹಿಳಾ ಅಧಿಕಾರಿ ಬೇಕು. ಸಾಕ್ಷಿಯಾಗಿ ಕರೆಸುವಾಗಲೂ ಅಷ್ಟೆ: ಹದಿನೈದರ ಒಳಗಿನವರು, ಅರವತ್ತು ದಾಟಿದವರು, ಮಹಿಳೆಯರು, ಅಂಗವಿಕಲರು, ತೀವ್ರ ಕಾಯಿಲೆಯವರು ಠಾಣೆಗೆ ಬರಬೇಕಾಗಿಲ್ಲ. ಪೊಲೀಸರೇ ಅವರ ಮನೆ ಬಾಗಿಲಿಗೆ ಹೋಗಬೇಕು. “ಸ್ಟೇಷನ್ನಿಗೆ ಬಂದು ಹೋಗಮ್ಮ, ಒಂದು ಸೈನು ಅಷ್ಟೆ” ಎಂಬ ಫೋನು ಬಂದಾಗ ಎಷ್ಟು ಜನರಿಗೆ ಇದು ನೆನಪಿರುತ್ತದೋ ಕಾಣೆ.

ಹದಿನೆಂಟು ತುಂಬದ ಹುಡುಗನಾಗಿದ್ದರೆ ಕತೆಯೇ ಬೇರೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಅವನನ್ನು ಲಾಕಪ್ಪಿಗೂ ಜೈಲಿಗೂ ಕಳಿಸುವಂತಿಲ್ಲ. ಮಕ್ಕಳ ಪೊಲೀಸ್ ಘಟಕದ ಸುಪರ್ದಿಗೆ ಕೊಟ್ಟು, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಈ ವಿಷಯದಲ್ಲಿ ನಮ್ಮ ಕಾಯ್ದೆ ನಿಜಕ್ಕೂ ಚೆನ್ನಾಗಿದೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನ ತಕರಾರು ಇರುವುದು ಮೈ ಮೂವತ್ತರದಾಗಿ, ಬುದ್ಧಿ ಎಂಟರದಾಗಿ ಉಳಿದವನ ವಿಷಯದಲ್ಲಿ.

ಒಪ್ಪಿಕೊಂಡರೆ ಕೇಸು ಮುಗಿಯಿತೇ?

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಹಾಗೇ ಮುಂದುವರಿದಿದೆ. ಆರೋಪಿ ಹೇಳಿದ ಮಾತಿನಿಂದ ಹೊಸದೇನಾದರೂ ವಸ್ತು ಸಿಕ್ಕರೆ ಅಷ್ಟು ಭಾಗ ಮಾತ್ರ ಲೆಕ್ಕಕ್ಕೆ. ಹಾಗಾದರೆ ಜಗಲಿ ಮೇಲೆ ಮಲಗಿದ್ದವನ ‘ಹ್ಞೂಂ’ನಿಂದ ಏನು ಅನಾಹುತ ಎಂದು ಕೇಳಬಹುದು.

ಅನಾಹುತ ಆಗುವುದು ಕೋರ್ಟಿನಲ್ಲಲ್ಲ, ತನಿಖೆಯಲ್ಲಿ. ಒಬ್ಬ ಒಪ್ಪಿಕೊಂಡ ಮೇಲೆ ಇನ್ನೊಬ್ಬನನ್ನು ಯಾರು ಹುಡುಕುತ್ತಾರೆ? ಮಹಜರು ಆ ಒಪ್ಪಿಗೆಗೆ ತಕ್ಕಂತೆ ಬೆಳೆಯುತ್ತದೆ, ಸಾಕ್ಷಿ ಹೇಳಿಕೆಗಳು ಅದಕ್ಕೆ ಹೊಂದುವಂತೆ ಬರುತ್ತವೆ, ದೋಷಾರೋಪ ಪಟ್ಟಿ ಆ ಎಳೆಯನ್ನೇ ಹಿಡಿದು ಹೊಸೆಯುತ್ತದೆ. ನಾಲ್ಕು ವರ್ಷದ ಮೇಲೆ ನ್ಯಾಯಾಧೀಶರು ತಪ್ಪೊಪ್ಪಿಗೆಯ ಹಾಳೆಯನ್ನು ಪಕ್ಕಕ್ಕಿಟ್ಟರೂ, ಅದರ ನೆರಳು ಕಡತದ ಪ್ರತಿ ಪುಟದ ಮೇಲೂ ಬಿದ್ದಿರುತ್ತದೆ.

ಬುದ್ಧಿ ಬೆಳವಣಿಗೆ ಕುಂಠಿತವಾದವರು, ದೀರ್ಘಕಾಲದ ಮನೋರೋಗಿಗಳು, ಹೆದರಿದ ಮಕ್ಕಳು, ನಮ್ಮ ಭಾಷೆ ಬಾರದ ವಲಸೆ ಕೂಲಿಗಳು — ಇವರೆಲ್ಲ ಎದುರಿಗಿರುವವನ ಮುಖ ನೋಡಿ ಉತ್ತರ ಕೊಡುತ್ತಾರೆ. ಕೇಳುವವನ ಸಿಟ್ಟು ಇಳಿದರೆ ಸಾಕು ಎಂಬುದೊಂದೇ ಅವರ ಲೆಕ್ಕ. ಬುದ್ಧಿಮಾಂದ್ಯ ಮಗುವನ್ನು ಸಾಕಿದ ಯಾವ ತಾಯಿಯನ್ನಾದರೂ ಕೇಳಿ ನೋಡಿ. “ನನ್ ಮಗ ಯಾರ್ ಏನ್ ಕೇಳಿದ್ರೂ ಹ್ಞೂಂ ಅಂತಾನೆ ಕಣಮ್ಮ” ಎನ್ನುತ್ತಾಳೆ. ಆ ತಾಯಿಗೆ ಗೊತ್ತಿರುವ ಸಂಗತಿ ನಮ್ಮ ಸಂಹಿತೆಗೆ ಇನ್ನೂ ಸರಿಯಾಗಿ ಗೊತ್ತಾಗಿಲ್ಲ.

ಸತ್ತವಳು ಬದುಕಿ ಬಂದಳು

ಇದು ಬರೀ ಭಯವಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕೊಡಗಿನ ಕುಶಾಲನಗರದ ಬಳಿಯ ಆದಿವಾಸಿ ಕೂಲಿಕಾರನೊಬ್ಬ 2020ರಲ್ಲಿ ಹೆಂಡತಿ ಕಾಣುತ್ತಿಲ್ಲವೆಂದು ತಾನೇ ಪೊಲೀಸರಿಗೆ ದೂರು ಕೊಟ್ಟಿದ್ದ. ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆ ಹೆಂಡತಿಯದೇ ಎಂದಾಯಿತು. ಗಂಡನೇ ಕೊಂದ ಎಂದಾಯಿತು. ಆತ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ.

2025ರ ಏಪ್ರಿಲ್ 1ರಂದು ಆ ‘ಸತ್ತ’ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಕೂತು ಊಟ ಮಾಡುತ್ತಿದ್ದುದು ಪರಿಚಯದವರ ಕಣ್ಣಿಗೆ ಬಿತ್ತು. ಆಕೆಯನ್ನು ಮೈಸೂರಿನ ಕೋರ್ಟಿಗೇ ತಂದು ನಿಲ್ಲಿಸಿದರು. ಆ ತಿಂಗಳೇ ನ್ಯಾಯಾಲಯ ಗಂಡನನ್ನು ಖುಲಾಸೆ ಮಾಡಿ, ಅವನಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಇಷ್ಟು ಸಾಲದೆಂದು ಆತ ಹೈಕೋರ್ಟಿನ ಮೆಟ್ಟಿಲು ಹತ್ತಿದ.

ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ತನಿಖೆಯ ಅಸಡ್ಡೆಗಿಂತ ಇನ್ನೊಂದು. ಮೆಮೊ, ವೈದ್ಯಕೀಯ ತಪಾಸಣೆ, ರಿಮ್ಯಾಂಡು, ಜಾಮೀನು ಅರ್ಜಿ, ಆರೋಪ ನಿಗದಿ, ಸಾಕ್ಷಿ ವಿಚಾರಣೆ, ಹೀಗೆ ಕಾನೂನಿನ ಎಷ್ಟೊಂದು ಬಾಗಿಲುಗಳನ್ನು ಆ ಮನುಷ್ಯ ದಾಟಿ ಹೋದ. ಪ್ರತಿ ಬಾಗಿಲಲ್ಲೂ ಯಾರೋ ಒಬ್ಬರು ಸಹಿ ಹಾಕಿದರು. ‘ನಿಲ್ಲಿ’ ಎನ್ನುವಷ್ಟು ಗಟ್ಟಿಯಾದ ದನಿ ಯಾರದೂ ಆಗಲಿಲ್ಲ. ಕೊನೆಗೆ ಅವನನ್ನು ಬಿಡಿಸಿದ್ದು ಸಂಹಿತೆಯ ಕಲಮುಗಳಲ್ಲ, ಹೋಟೆಲಿನ ಆ ಊಟ.

ಲಂಡನ್ನಿನ ಮೂವರು ಹುಡುಗರು

ಇಂಥದೇ ಒಂದು ಪೆಟ್ಟು ತಿಂದು ಪಾಠ ಕಲಿತ ದೇಶವಿದೆ. 1972ರಲ್ಲಿ ಲಂಡನ್ನಿನಲ್ಲಿ ಮ್ಯಾಕ್ಸ್‌ವೆಲ್ ಕಾನ್‌ಫೇಟ್ ಎಂಬಾತನ ಕೊಲೆಯಾಯಿತು. ಮೂವರು ಹುಡುಗರು ಒಪ್ಪಿಕೊಂಡರು. ಅವರಲ್ಲಿ ದೊಡ್ಡವನಿಗೆ ಹದಿನೆಂಟು ವರ್ಷ, ಬುದ್ಧಿ ಎಂಟು ವರ್ಷದ ಮಗುವಿನದು. ಶಿಕ್ಷೆಯೂ ಆಯಿತು. 1975ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದು ಮಾಡಿತು. ವಿಚಾರಣಾ ಆಯೋಗ ಕೂತಿತು, ದೊಡ್ಡ ಚರ್ಚೆ ನಡೆಯಿತು, 1984ರಲ್ಲಿ ಹೊಸ ಪೊಲೀಸ್ ಕಾಯ್ದೆಯೇ ಬಂತು.

ಅಂದಿನಿಂದ ಅಲ್ಲಿ ಮಗುವನ್ನಾಗಲಿ, ಮನೋದುರ್ಬಲ ವ್ಯಕ್ತಿಯನ್ನಾಗಲಿ ವಿಚಾರಿಸುವಾಗ ಜೊತೆಯಲ್ಲಿ ಪೊಲೀಸರಲ್ಲದ ಒಬ್ಬ ದೊಡ್ಡವರು ಕೂರಬೇಕು. ಅಪ್ಪ, ಅಮ್ಮ, ಸಮಾಜ ಕಾರ್ಯಕರ್ತೆ, ಯಾರಾದರೂ ಸರಿ. ಅವರ ಕೆಲಸ ಕಾನೂನು ವಾದಿಸುವುದಲ್ಲ. “ಸಾರ್, ಅವನಿಗೆ ನೀವು ಕೇಳಿದ್ದು ಅರ್ಥ ಆಗಿಲ್ಲ” ಎಂದು ಹೇಳುವುದು.

ನಮ್ಮಲ್ಲಿ ಹಾಗಿಲ್ಲ. ಅನ್ಯಾಯಕ್ಕೊಳಗಾದ ಅಂಗವಿಕಲ ಮಹಿಳೆ ಲೈಂಗಿಕ ದೌರ್ಜನ್ಯದ ದೂರು ಕೊಡುವಾಗ ಆಕೆಯ ಮನೆಯಲ್ಲೇ, ದುಭಾಷಿಯೋ ವಿಶೇಷ ಶಿಕ್ಷಕರೋ ಇದ್ದು, ವಿಡಿಯೊ ಚಿತ್ರೀಕರಣದಲ್ಲಿ ಹೇಳಿಕೆ ಪಡೆಯಬೇಕೆಂದು ಸಂಹಿತೆ ಬಿಡಿಸಿ ಬಿಡಿಸಿ ಹೇಳುತ್ತದೆ. ಅದೇ ಅಂಗವೈಕಲ್ಯ ಇರುವವನು ಆರೋಪಿಯಾಗಿ ಬಂದರೆ, ಪೊಲೀಸ್ ವಿಚಾರಣೆಯಲ್ಲಿ ಅವನ ಪಕ್ಕ ಇಂಥವರೊಬ್ಬರು ಕೂರಲೇಬೇಕು ಎನ್ನುವ ಕಲಮು ಅದರಲ್ಲಿಲ್ಲ. ವಿಚಾರಣೆ ವೇಳೆ ತನ್ನ ವಕೀಲರನ್ನು ಭೇಟಿಯಾಗುವ ಹಕ್ಕಿದೆ, ಪೂರ್ತಿ ಹೊತ್ತಲ್ಲ. ‘ವಕೀಲರು ಬೇಕು’ ಎಂದು ಬಾಯಿಬಿಟ್ಟು ಕೇಳಬಲ್ಲವನಿಗೆ ಅದು ಹಕ್ಕು. ಎಲ್ಲದಕ್ಕೂ ಹ್ಞೂಂ ಎನ್ನುವವನಿಗೆ?

ನ್ಯಾಯಾಲಯಕ್ಕೆ ಬಂದ ಮೇಲೆ ಮಾತ್ರ ಬೇರೆ ಬಾಗಿಲು ತೆರೆಯುತ್ತದೆ. ಆರೋಪಿಗೆ ತನ್ನ ಪರವಾಗಿ ವಾದಿಸಿಕೊಳ್ಳುವ ಮಾನಸಿಕ ಶಕ್ತಿ ಇಲ್ಲವೆಂದು ಕಂಡರೆ ವೈದ್ಯರಿಂದ ಪರೀಕ್ಷಿಸಿ, ವಿಚಾರಣೆಯನ್ನು ಮುಂದೂಡುವ ವ್ಯವಸ್ಥೆ ಹಳೇ ಸಂಹಿತೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಆದರೆ ಅದು ಬರುವುದು ತಿಂಗಳುಗಳ ಮೇಲೆ. ಕಾಯಿಲೆ ಗುರುತಿಸುವ ಹೊತ್ತಿಗೆ ಕಡತ ದಪ್ಪವಾಗಿರುತ್ತದೆ.

ಬೆಂಗಳೂರಿನಿಂದ ಹೊರಟ ಒಂದು ತೀರ್ಪು

ಆರೋಪಿಯ ಮನಸ್ಸಿನ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದ ಒಂದು ತೀರ್ಪಿನ ಹೆಸರಿನಲ್ಲಿ ಕರ್ನಾಟಕವೇ ಇದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಒಂದು ಕಾಲದಲ್ಲಿ ‘ಮಂಪರು ಪರೀಕ್ಷೆ’ ಎಂದರೆ ಬೆಂಗಳೂರು ಎನ್ನುವಂತಿತ್ತು. ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿ ಮಂಪರಿನಲ್ಲಿ ತೊದಲುತ್ತಿದ್ದ ದೃಶ್ಯಗಳನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಅದು ನೆನಪಿರಬೇಕು. ಇಂಜೆಕ್ಷನ್ ಚುಚ್ಚಿದರೆ ಸತ್ಯ ತಾನಾಗೇ ಹೊರಗೆ ಬರುತ್ತದೆ ಎಂದು ನಾವೆಲ್ಲ ನಂಬಿದ್ದೆವು.

2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಮೂವರ ಪೀಠ ಈ ನಂಬಿಕೆಗೆ ತಡೆ ಹಾಕಿತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದೆಂಬ ಸಂವಿಧಾನದ 20(3)ನೇ ವಿಧಿಗೆ ಅದು ವಿರುದ್ಧ ಎಂದಿತು. ಒಪ್ಪಿಗೆಯನ್ನೂ ಮ್ಯಾಜಿಸ್ಟ್ರೇಟರ ಮುಂದೆ, ವಕೀಲರ ಸಲಹೆ ಸಿಕ್ಕ ಮೇಲೆ ದಾಖಲಿಸಬೇಕು. ಸ್ವಂತ ಬುದ್ಧಿ ಸ್ಥಿಮಿತದಲ್ಲಿ ಇಲ್ಲದಾಗ ಆಡಿದ ಮಾತನ್ನು ಹೇಳಿಕೆ ಎನ್ನಲಾಗದು ಎಂಬುದು ಆ ತೀರ್ಪಿನ ತಿರುಳು. ಹುಟ್ಟಿನಿಂದಲೇ ಬುದ್ಧಿಯ ಬಲ ಕಡಿಮೆಯಿರುವವನ ಮಾತಿಗೂ ಅದೇ ಎಚ್ಚರ ಬೇಕಲ್ಲವೇ? ತೀರ್ಪಿನ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಎಳೆದರೆ ಅಲ್ಲಿಗೇ ಬರುತ್ತದೆ.

ಬಸ್ ಚಾರ್ಜು ಉಳಿಯಿತು, ಕೂಲಿ ಉಳಿಯಲಿಲ್ಲ

ಈಗ ಠಾಣೆಯಿಂದ ಕೋರ್ಟಿಗೆ ಬರೋಣ, ಆರೋಪಿಯ ಕಡೆಯಿಂದ ಸಾಕ್ಷಿಯ ಕಡೆಗೆ.

ಗುಬ್ಬಿ ಕಡೆಯ ಹಳ್ಳಿಯಿಂದ ಸಾಕ್ಷಿ ಹೇಳಲು ತುಮಕೂರಿಗೆ ಬರುವ ಹೆಣ್ಣುಮಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಮನ್ಸು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡಿದ್ದಾಳೆ. ಹತ್ತೂವರೆಯಿಂದ ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತಿದ್ದಾಳೆ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿರುವುದು ಆರೋಪಿಯ ಅಣ್ಣತಮ್ಮಂದಿರು. ಅವರು ಏನೂ ಬೈಯುವುದಿಲ್ಲ, ಬೆದರಿಸುವುದಿಲ್ಲ. “ಊಟ ಆಯ್ತೇನಕ್ಕ?” ಎನ್ನುತ್ತಾರೆ, ಅಷ್ಟೆ. ಮಧ್ಯಾಹ್ನ ಮೂರಕ್ಕೆ ಜವಾನ ಅವಳ ಹೆಸರು ಮೂರು ಸಲ ಕೂಗುತ್ತಾನೆ. ಒಳಗೆ ಹೋದರೆ, ವಕೀಲರು ಕಾಲಾವಕಾಶ ಕೇಳಿದ್ದಾರೆ. ಮುಂದಿನ ತಿಂಗಳು ಬಾ. ಹೀಗೆ ಮೂರು ಸಲ. ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜು ಉಳಿಯಿತು, ಮೂರು ದಿನದ ಕೂಲಿ ಉಳಿಯಲಿಲ್ಲ. ನಾಲ್ಕನೇ ಸಲ ಕಟಕಟೆ ಹತ್ತಿದಾಗ ಅವಳು “ನಂಗೇನೂ ಗೊತ್ತಿಲ್ಲ ಸ್ವಾಮಿ” ಎಂದರೆ ನಾವು ಅವಳನ್ನು ‘ಪ್ರತಿಕೂಲ ಸಾಕ್ಷಿ’ ಎಂದು ಬರೆದುಕೊಳ್ಳುತ್ತೇವೆ.

ಈ ಮಾತಿಗೆ ಎಷ್ಟು ಜೀವಗಳ ಬೆಲೆಯಿದೆ ಎಂಬುದನ್ನು ಕಂಬಾಲಪಲ್ಲಿ ತೋರಿಸಿದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ನಿಜ, ಸುಟ್ಟವರು ಯಾರೂ ಇಲ್ಲ.

ನಮ್ಮ ಜಿಲ್ಲೆಯ ಗೋಪಾಲಪುರದ ಕತೆ ಬೇರೆ ರೀತಿ ಮುಗಿಯಿತು. 2010ರ ಜೂನಿನಲ್ಲಿ ಅಲ್ಲಿ ದಲಿತ ಮಹಿಳೆಯೊಬ್ಬರ ಕೊಲೆಯಾಯಿತು. 2024ರ ನವೆಂಬರಿನಲ್ಲಿ ತುಮಕೂರಿನ ನ್ಯಾಯಾಲಯ 21 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದಕ್ಕೆ ಒಂದು ತಿಂಗಳ ಮುಂಚೆ ಕೊಪ್ಪಳದ ನ್ಯಾಯಾಲಯ ಮರಕುಂಬಿಯ 2014ರ ದಲಿತ ದೌರ್ಜನ್ಯ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ವಿಧಿಸಿತ್ತು. ತೀರ್ಪು ಬಂದಾಗ ಪತ್ರಿಕೆಗಳು ಶಿಕ್ಷೆಯಾದವರ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿದವು. ನಾನು ಯೋಚಿಸಿದ್ದು ಗೋಪಾಲಪುರದಲ್ಲಿ ಹದಿನಾಲ್ಕು ವರ್ಷ ಅದೇ ಬೀದಿಯಲ್ಲಿ, ಅದೇ ನಲ್ಲಿಯ ಹತ್ತಿರ ನೀರು ಹಿಡಿಯುತ್ತ, ಕಂಡದ್ದನ್ನು ಮರೆಯದೆ ಉಳಿಸಿಕೊಂಡ ಸಾಕ್ಷಿಗಳ ಬಗ್ಗೆ.

ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಿಂದ 15ಎ ಎಂಬ ಕಲಮು ಸೇರಿದೆ. ಸಂತ್ರಸ್ತರು, ಅವರ ಅವಲಂಬಿತರು, ಸಾಕ್ಷಿಗಳು ಇವರಿಗೆ ರಕ್ಷಣೆ, ಪ್ರಯಾಣದ ಖರ್ಚು, ತನಿಖೆಯ ವೇಳೆ ಜೀವನಾಧಾರ ಕೊಡುವುದು ಸರ್ಕಾರದ ಹೊಣೆ ಎಂದು ಅದು ಹೇಳುತ್ತದೆ. ಕೂಲಿ ಬಿಟ್ಟು ಬಂದವಳಿಗೆ ಕೂಲಿಯ ದುಡ್ಡು ಸಿಕ್ಕಬೇಕೆಂಬುದು ಕಾನೂನಿನೊಳಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಪರದೆಯ ಆಚೆ, ಈಚೆ

ಸಾಕ್ಷಿ ಮಗುವಾಗಿದ್ದರೆ ಕಟಕಟೆಯ ಕಟ್ಟುಗಳು ಇನ್ನೂ ಸಡಿಲ. 2004ರ ‘ಸಾಕ್ಷಿ’ ಸಂಸ್ಥೆಯ ಪ್ರಕರಣದಲ್ಲಿ (ಹೆಸರು ಎಷ್ಟು ಸರಿಹೊಂದಿದೆ ನೋಡಿ) ಸುಪ್ರೀಂ ಕೋರ್ಟು ಮಗುವಿಗೂ ಆರೋಪಿಗೂ ನಡುವೆ ಪರದೆ ಹಾಕಬೇಕು, ಪಾಟೀಸವಾಲಿನ ಮುಜುಗರದ ಪ್ರಶ್ನೆಗಳನ್ನು ವಕೀಲರು ಬರೆದು ನ್ಯಾಯಾಧೀಶರ ಕೈಗೆ ಕೊಡಬೇಕು, ನ್ಯಾಯಾಧೀಶರು ಮಗುವಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು, ನಡುವೆ ಬೇಕಾದಷ್ಟು ಬಿಡುವು ಕೊಡಬೇಕು ಎಂದಿತು. 2012ರ ಪೋಕ್ಸೊ ಕಾಯ್ದೆ ಇದನ್ನು ಇನ್ನಷ್ಟು ಮುಂದಕ್ಕೊಯ್ದಿತು. ಮಗುವಿನ ಹೇಳಿಕೆ ಪಡೆಯುವ ಅಧಿಕಾರಿ ಖಾಕಿ ತೊಟ್ಟು ಬರುವಂತಿಲ್ಲ. ಮಗುವನ್ನು ಪದೇ ಪದೇ ಕೋರ್ಟಿಗೆ ಕರೆಸುವಂತಿಲ್ಲ.

ಪರದೆ ಹಾಕಿದರೆ ಆರೋಪಿಗೆ ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪರದೆ ಮರೆಮಾಡುವುದು ಆರೋಪಿಯ ಮುಖವನ್ನು ಮಗುವಿನ ಕಣ್ಣಿಂದ, ಮಗುವಿನ ಮಾತನ್ನು ಆರೋಪಿಯ ಕಿವಿಯಿಂದಲ್ಲ. ಅವನು ಕೇಳಿಸಿಕೊಳ್ಳುತ್ತಾನೆ, ಅವನ ವಕೀಲರು ನ್ಯಾಯಾಧೀಶರ ಮೂಲಕ ಪ್ರಶ್ನೆ ಹಾಕುತ್ತಾರೆ. ಎದುರು ಕೂತು ಗುರಾಯಿಸುವ ಅವಕಾಶವೊಂದು ತಪ್ಪುತ್ತದೆ. ಅದು ಯಾವ ಕಾನೂನೂ ಕೊಟ್ಟ ಹಕ್ಕಲ್ಲ.

2022ರ ಜನವರಿಯಲ್ಲಿ ಸ್ಮೃತಿ ತುಕಾರಾಮ್ ಬಡಾಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ‘ದುರ್ಬಲ ಸಾಕ್ಷಿ’ ಎಂಬ ಮಾತಿನ ವ್ಯಾಪ್ತಿಯನ್ನೇ ಹಿಗ್ಗಿಸಿತು. ಮಕ್ಕಳಷ್ಟೇ ಅಲ್ಲ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಯಾವುದೇ ವಯಸ್ಸಿನ, ಯಾವುದೇ ಲಿಂಗದ ವ್ಯಕ್ತಿ, ಮನೋರೋಗಿಗಳು, ಮಾತು ಬಾರದವರು, ಕಿವಿ ಕೇಳದವರು, ಪ್ರಾಣಬೆದರಿಕೆ ಇರುವವರು ಎಲ್ಲರೂ ಈ ಗುಂಪಿಗೆ ಸೇರುತ್ತಾರೆ. ಇವರಿಗೆ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಕಾಯುವ ಕೋಣೆ, ಆರೋಪಿಯ ಎದುರು ಬಾರದೆ ಸಾಕ್ಷಿ ಹೇಳುವ ಕೇಂದ್ರಗಳು ಬೇಕೆಂದು ಆದೇಶಿಸಿ, ಅದರ ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರ ಸಮಿತಿಯನ್ನೂ ನೇಮಿಸಿತು.

ಮಾತು ಬಾರದವರ ಸಾಕ್ಷ್ಯದ ಕಷ್ಟ ಮಾತ್ರ ಇನ್ನೊಂದು ತೂಕದ್ದು. ಸನ್ನೆಯ ಸಾಕ್ಷ್ಯ ಬಾಯಿಮಾತಿನ ಸಾಕ್ಷ್ಯಕ್ಕೆ ಸಮ. ಆದರೆ ನಮ್ಮ ಹಳ್ಳಿಗಳ ಕಿವುಡ–ಮೂಗರಲ್ಲಿ ಬಹುಮಂದಿ ಶಾಲೆಯ ಸನ್ನೆಭಾಷೆ ಕಲಿತವರಲ್ಲ. ಅವರದು ಮನೆಸನ್ನೆ. ಗಲ್ಲ ಸವರಿದರೆ ಅಪ್ಪ, ಮೂಗು ಮುಟ್ಟಿದರೆ ಅತ್ತೆ. ಅದು ಆ ಮನೆಯವರಿಗೆ ಮಾತ್ರ ತಿಳಿಯುತ್ತದೆ. ಮನೆಯವರನ್ನೇ ದುಭಾಷಿಯಾಗಿ ಕೂರಿಸಿದರೆ ಅವರಿಗೂ ಕೇಸಿನಲ್ಲಿ ಆಸಕ್ತಿಯಿದೆ ಎಂಬ ಆಕ್ಷೇಪ ಬರುತ್ತದೆ. 2012ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಆದದ್ದು ಅದೇ. ಕೊಲೆ ಕಂಡ ಹೆಂಗಸಿಗೆ ಮಾತು ಬಾರದು. ಅರ್ಥ ಹೇಳಲು ಕೂತದ್ದು ಅವಳ ತಂದೆ. ಅವಳು ಮಾಡಿದ ಸನ್ನೆಗಳನ್ನು ಯಾರೂ ಬರೆದಿಡಲಿಲ್ಲ, ತಂದೆ ಹೇಳಿದ ಅರ್ಥವನ್ನಷ್ಟೇ ಬರೆದರು. ಆರೋಪಿಯ ಬಿಡುಗಡೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಈಗ ಇಂಥ ಸಾಕ್ಷ್ಯವನ್ನು ವಿಡಿಯೊ ಮಾಡಬೇಕೆಂಬುದು ಕಡ್ಡಾಯ. ಕ್ಯಾಮೆರಾ ಬಂತು. ಮನೆಸನ್ನೆಗೂ ಕೋರ್ಟಿಗೂ ನಡುವೆ ನಿಲ್ಲಬಲ್ಲ ತರಬೇತಾದ ಜನ ಜಿಲ್ಲೆಗೆ ಎಷ್ಟು ಮಂದಿ ಇದ್ದಾರೆ ಎಂಬುದು ಮುಂದಿನ ಪ್ರಶ್ನೆ.

ಮುಸುಕು ಹಾಕಿ ಬಂದವನು

‘ಸಾಕ್ಷಿ ರಕ್ಷಣೆ’ ಎಂಬ ಮಾತನ್ನು ಕನ್ನಡಿಗರೆಲ್ಲ ಕಿವಿಗೊಟ್ಟು ಕೇಳಿದ್ದು 2025ರ ಜುಲೈನಲ್ಲಿ, ಧರ್ಮಸ್ಥಳದಲ್ಲಿ ಶವಗಳನ್ನು ಹೂಳಲಾಗಿದೆಯೆಂಬ ಆರೋಪದ ಪ್ರಕರಣದ ದೂರುದಾರ ತಲೆಯಿಂದ ಕಾಲಿನವರೆಗೆ ಬಟ್ಟೆ ಸುತ್ತಿಕೊಂಡು ಬೆಳ್ತಂಗಡಿಯ ಕೋರ್ಟಿಗೆ ಬಂದಾಗ. ಆ ಮುಸುಕಿನ ಹಿಂದೆ ಇದ್ದದ್ದು 2018ರ ಸಾಕ್ಷಿ ರಕ್ಷಣಾ ಯೋಜನೆ. ಆ ವರ್ಷದ ಡಿಸೆಂಬರ್ 5ರಂದು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಹೊಸ ಸಂಹಿತೆಯ 398ನೇ ಕಲಮು ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಲೇಬೇಕೆಂದು ಹೇಳುತ್ತದೆ.

ಅರ್ಜಿ ಹಾಕುವುದು ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಸಮಿತಿಗೆ. ಪೊಲೀಸರು ಐದು ಕೆಲಸದ ದಿನಗಳಲ್ಲಿ ಬೆದರಿಕೆಯ ವರದಿ ಕೊಡಬೇಕು. ಬೆದರಿಕೆ ಪ್ರಾಣಕ್ಕೋ, ಆಸ್ತಿ–ಮಾನಕ್ಕೋ, ಬರೀ ಕಿರುಕುಳವೋ ಎಂಬುದರ ಮೇಲೆ ಮೂರು ದರ್ಜೆ. ಫೋನ್ ನಂಬರು ಬದಲಿಸುವುದರಿಂದ ಹಿಡಿದು ಮನೆಗೆ ಸಿಸಿಟಿವಿ, ಬೆಂಗಾವಲು, ಬೇರೆ ಊರು, ಬೇರೆ ಹೆಸರಿನವರೆಗೂ ರಕ್ಷಣೆ ಸಿಗಬಹುದು. ಒಂದು ಸಲಕ್ಕೆ ಮೂರು ತಿಂಗಳು.

2025ರ ಆಗಸ್ಟ್ 23ರಂದು ವಿಶೇಷ ತನಿಖಾ ತಂಡ ಆ ಮುಸುಕಿನ ಮನುಷ್ಯನನ್ನೇ ಬಂಧಿಸಿತು. ಆ ಪ್ರಕರಣದ ಸತ್ಯಾಸತ್ಯ ಕೋರ್ಟಿನದು, ಇಲ್ಲಿ ಬೇಡ. ಯೋಜನೆಯ ಗುಣವೊಂದು ಮಾತ್ರ ಅದರಿಂದ ತಿಳಿಯುತ್ತದೆ: ರಕ್ಷಣೆ ಕೊಡುವುದೆಂದರೆ ಹೇಳಿದ್ದನ್ನೆಲ್ಲ ನಂಬಿದೆವು ಎಂದಲ್ಲ. ಹೆದರಿಕೆಯಿಲ್ಲದೆ ಹೇಳಲು ಬಿಟ್ಟು, ಹೇಳಿದ್ದನ್ನು ಆಮೇಲೆ ಒರೆಗೆ ಹಚ್ಚುವುದು.

ಮತ್ತೆ ಬಟವಾಡಿಗೆ

ಜಗಲಿ ಮೇಲೆ ಮಲಗಿದ್ದವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ ಬಂದಿದ್ದೆವು. ಪರದೆ, ಪ್ರತ್ಯೇಕ ಬಾಗಿಲು, ಕಾಯುವ ಕೋಣೆ ಯಾವುದೂ ಅವನಿಗಿಲ್ಲ. ಅವನ ತಲೆ ಮೇಲೊಂದು ಕ್ಯಾಮೆರಾ ಇರಬೇಕು, ಅದು ಧ್ವನಿಯನ್ನೂ ಹಿಡಿಯುವಂಥದ್ದಾಗಿರಬೇಕು ಎಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕ್ಯಾಮೆರಾ ಕೆಟ್ಟಿಲ್ಲದಿದ್ದರೆ ಅವನ ‘ಹ್ಞೂಂ’ಗಳ ಜೊತೆ ಕೇಳಿದವರ ಪ್ರಶ್ನೆಗಳೂ ದಾಖಲಾಗುತ್ತವೆ.

ಅವನ ಪಕ್ಕ ಒಬ್ಬರನ್ನು ಕೂರಿಸುವುದು ಕಷ್ಟದ ಕೆಲಸವಲ್ಲ. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತುಮಕೂರಿನಲ್ಲೂ ಇದೆ. 1987ರ ಕಾಯ್ದೆಯ ಪ್ರಕಾರ ಕಸ್ಟಡಿಯಲ್ಲಿರುವವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ–ಪಂಗಡದವರು ಆದಾಯ ಎಷ್ಟೇ ಇರಲಿ, ದುಡ್ಡು ಕೊಡದೆ ವಕೀಲರನ್ನು ಪಡೆಯಬಹುದು. ಪಟ್ಟಿಯಲ್ಲಿರುವ ವಕೀಲರ ಜೊತೆ ವಿಶೇಷ ಶಿಕ್ಷಕರ, ಮನೋವೈದ್ಯ ಸಮಾಜ ಕಾರ್ಯಕರ್ತರ ಹೆಸರನ್ನೂ ಬರೆದು ಪ್ರತಿ ಠಾಣೆಯ ಗೋಡೆಗೆ ಅಂಟಿಸಿದರೆ, ರಾತ್ರಿ ಪಾಳಿಯ ಹೆಡ್ ಕಾನ್‌ಸ್ಟೆಬಲ್ ಒಬ್ಬರೇ ತೀರ್ಮಾನಿಸಬೇಕಾದ ಸಂಕಟವೂ ತಪ್ಪುತ್ತದೆ. ಸಂಹಿತೆಗೆ ತಿದ್ದುಪಡಿ ಬರುವವರೆಗೆ ಕಾಯಬೇಕಾಗಿಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಬೀದಿಯಲ್ಲಿ ಇಂಥವರೊಬ್ಬರು ಕಂಡರೆ, ಸುತ್ತ ಜನ ಸೇರಿದ್ದರೆ, ಮೊದಲು 112ಕ್ಕೆ ಫೋನು ಮಾಡಿ. ಮಗುವಾದರೆ 1098. ಠಾಣೆಗೆ ಕರೆದೊಯ್ದಿದ್ದಾರೆಂದು ತಿಳಿದರೆ ಕಾನೂನು ನೆರವಿನ ಸಹಾಯವಾಣಿ 15100. ಆ ಮನುಷ್ಯನ ಪರಿಚಯ ನಿಮಗಿದ್ದರೆ, ಒಂದು ಗಂಟೆ ಬಿಡುವು ಮಾಡಿಕೊಂಡು ಠಾಣೆಗೆ ಹೋಗಿ, “ಇವನು ಎಲ್ಲದಕ್ಕೂ ಹ್ಞೂಂ ಅಂತಾನೆ ಸಾರ್” ಎಂದು ಹೇಳಿ ಬನ್ನಿ. ಬರಹದಲ್ಲಿ ಕೊಟ್ಟು, ಅದರ ನಕಲಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.